ಬದುಕಿರುವ ಊರಿಗೆ ತಿಥಿ

ಬೆಂಗಳೂರಿನಿಂದ ನೂರು ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಕಾರು ಹತ್ತಿ, ದಾರಿಯಲ್ಲಿ ಇಡ್ಲಿ ವಡೆ ಮುಗಿಸಿಕೊಂಡರೂ ಒಂಬತ್ತರೊಳಗೆ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್ ಸೇರಬಹುದು. ಸೈನೈಡ್ ದಿಬ್ಬದ ಮೇಲೆ ಫೋಟೊ, ಬ್ರಿಟಿಷರ ಕಾಲದ ಬಂಗಲೆಯ ಮುಂದೆ ಇನ್ನೊಂದಷ್ಟು ಫೋಟೊ, ತುಕ್ಕು ಹಿಡಿದ ಶಾಫ್ಟ್ ಗೋಪುರದ ವಿಡಿಯೊ, ಕಮ್ಮಸಂದ್ರದ ಕೋಟಿಲಿಂಗೇಶ್ವರನಿಗೆ ನಮಸ್ಕಾರ, ಸಂಜೆಗೆ ಮನೆ. ಪ್ರವಾಸ ಪುರವಣಿಗಳೂ ಮೊಬೈಲಿನ ವಿಡಿಯೊಗಳೂ ಈಗ ವರ್ಷಗಳಿಂದ ಇದೇ ದಾರಿ ತೋರಿಸುತ್ತಿವೆ. ಊರನ್ನು ಪರಿಚಯಿಸಲು ಅವುಗಳಿಗೆ ಎರಡೇ ಮಾತು ಸಾಕು: ಆಗ ಪುಟ್ಟ ಇಂಗ್ಲೆಂಡ್, ಈಗ ಪ್ರೇತನಗರಿ. 2018ರಲ್ಲಿ ಊರಿನ ಹೆಸರು ಹೊತ್ತ ಸಿನಿಮಾ ಬಂದ ಮೇಲಂತೂ ಇದು ಪ್ರಶ್ನಿಸಲಾಗದ ಸತ್ಯವಾಗಿಬಿಟ್ಟಿದೆ. ಗಣಿ ಸತ್ತಿತು, ಊರೂ ಸತ್ತಿತು, ಉಳಿದಿರುವುದನ್ನು ನೋಡಿಕೊಂಡು ಬರೋಣ ಎಂಬ ಭಾವ ಓದು ಬಲ್ಲವರಲ್ಲೂ ಬೇರೂರಿದೆ.

ನನ್ನ ಜಗಳ ಈ ನಂಬಿಕೆಯ ಜೊತೆ. ಅದು ಸುಳ್ಳು. ನಿರಪಾಯಕಾರಿ ಸುಳ್ಳೂ ಅಲ್ಲ. ಸತ್ತವರಿಗೆ ಯಾರೂ ಕುಡಿಯುವ ನೀರು ಕೊಡಬೇಕಿಲ್ಲ, ಎದೆಯ ಎಕ್ಸ್‌ರೇ ತೆಗೆಸಬೇಕಿಲ್ಲ, ಮನೆಯ ಹಕ್ಕುಪತ್ರ ಬರೆದುಕೊಡಬೇಕಿಲ್ಲ. ಬದುಕಿರುವವರಿಗೆ ತಿಥಿ ಮಾಡಿದರೆ ಅವರ ಸಾಲ ತೀರಿಸುವ ಹೊಣೆ ತಪ್ಪುತ್ತದೆ. ಕೆಜಿಎಫ್‌ಗೆ ಈ ನಾಡು ಮಾಡುತ್ತಿರುವುದು ಅದನ್ನೇ.

2011ರ ಜನಗಣತಿಯ ಪ್ರಕಾರ ಈ ‘ಪ್ರೇತನಗರಿ’ಯ ಜನಸಂಖ್ಯೆ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಸಂಜೆ ಹೆಜ್ಜೆ ಇಡಲು ಜಾಗ ಹುಡುಕಬೇಕು. ಆಂಡರ್ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಕೋರಮಂಡಲ್, ಎಲ್ಲೆಡೆಯೂ ಶಾಲೆಗಳಿವೆ, ಚರ್ಚುಗಳಿವೆ, ಮಾರಮ್ಮನ ಗುಡಿಗಳಿವೆ, ಅಂಬೇಡ್ಕರ್ ಪ್ರತಿಮೆಗಳಿವೆ. 1964ರಲ್ಲಿ ಆರಂಭವಾದ ಬೆಮೆಲ್ ಸಂಸ್ಥೆಯ ಕಾರ್ಖಾನೆ ಇವತ್ತಿಗೂ ಅಲ್ಲಿ ಯಂತ್ರ ತಯಾರಿಸುತ್ತಿದೆ. ಇಷ್ಟಾದರೂ ಭಾನುವಾರ ಕಾರಿನಲ್ಲಿ ಬಂದವರಿಗೆ ಊರು ಖಾಲಿ ಕಾಣುವುದೇಕೆ? ಅವರು ಹುಡುಕಿಕೊಂಡು ಹೋಗುವುದೇ ಖಾಲಿ ಜಾಗವನ್ನು. ಬೀಗ ಬಿದ್ದ ಗಿರಣಿ, ಗಾಜು ಒಡೆದ ಕಚೇರಿ, ಪೊದೆ ಬೆಳೆದ ಬಂಗಲೆ. ಅದರಾಚೆ ಇನ್ನೂರು ಹೆಜ್ಜೆ ನಡೆದರೆ ಸಿಗುವ ಕಾರ್ಮಿಕರ ಲೈನುಗಳಲ್ಲಿ, ಒಂದೇ ಕೋಣೆಯ ಮನೆಗಳಲ್ಲಿ, ಮೂರು ತಲೆಮಾರು ಒಟ್ಟಿಗೆ ವಾಸವಾಗಿರುವುದು ಯಾವ ವಿಡಿಯೊದಲ್ಲೂ ಬರುವುದಿಲ್ಲ.

ಆ ಊರನ್ನು ತಿಳಿಯಬೇಕೆಂದರೆ ಹೋಗಬೇಕಾದ್ದು ಸೋಮವಾರ ನಸುಕಿನಲ್ಲಿ, ಮಾರಿಕುಪ್ಪಂ ಸ್ಟೇಷನ್ನಿಗೆ. ಬಂಗಾರಪೇಟೆಯಿಂದ ಈ ಪುಟ್ಟ ಕವಲು ಹಳಿಯನ್ನು 1894ರಲ್ಲಿ ಹಾಕಿದ್ದು ಗಣಿಗೆ ಕಲ್ಲಿದ್ದಲು, ಯಂತ್ರ ಮತ್ತು ಆಳುಗಳನ್ನು ಒಯ್ಯಲು. ಇವತ್ತು ಅದೇ ಹಳಿಯ ಮೇಲೆ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೊರಡುತ್ತಾರೆ. ಕತ್ತಲೆಯಲ್ಲೇ ಊಟದ ಡಬ್ಬಿ ಕಟ್ಟಿಕೊಂಡು ಹೊರಟ ಹೆಂಗಸರು, ಮಾಲುಗಳ ಕಾವಲುಗಾರರು, ಗಾರ್ಮೆಂಟ್ಸ್‌ನವರು, ಆಸ್ಪತ್ರೆಯ ಆಯಾಗಳು, ಕಂಪ್ಯೂಟರ್ ಕಂಪನಿಗಳ ಹುಡುಗ ಹುಡುಗಿಯರು ವೈಟ್‌ಫೀಲ್ಡಿನಲ್ಲಿ, ಕೆ.ಆರ್. ಪುರದಲ್ಲಿ, ಕಂಟೋನ್ಮೆಂಟಿನಲ್ಲಿ ಇಳಿದು ನಗರದೊಳಗೆ ಕರಗುತ್ತಾರೆ. ರಾತ್ರಿ ಮನೆ ಮುಟ್ಟುವಾಗ ಮಕ್ಕಳು ಮಲಗಿರುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲೇ ಹೋಗುತ್ತದೆ. ಬೆಂಗಳೂರಿನ ದಿನನಿತ್ಯ ನಡೆಯುವುದೇ ಇಂಥವರ ದುಡಿಮೆಯಿಂದ. ವಾರವಿಡೀ ತನಗಾಗಿ ದುಡಿದವರ ಊರಿಗೆ ವಾರಾಂತ್ಯದಲ್ಲಿ ಹೋಗಿ, ಇಲ್ಲಿ ಯಾರೂ ಇಲ್ಲ ಎಂದು ಬರೆದು ಬರುವ ಕಣ್ಣಿಗೆ ಏನಾಗಿದೆ?

ಈ ಕುರುಡಿನ ಮೂಲ ಇತಿಹಾಸವನ್ನು ಹೇಳುವ ಕ್ರಮದಲ್ಲೇ ಇದೆ. ಚಿನ್ನದ ಊರು ಎಂದ ಕೂಡಲೇ ನಮ್ಮ ತಲೆಯಲ್ಲಿ ಕ್ಯಾಲಿಫೋರ್ನಿಯಾದ, ಆಸ್ಟ್ರೇಲಿಯಾದ ಚಿತ್ರಗಳು ಎದ್ದು ನಿಲ್ಲುತ್ತವೆ: ಅದೃಷ್ಟ ಅರಸಿ ಬಂದ ಒಂಟಿ ಸಾಹಸಿಗರು, ಹೊಳೆಯ ಮರಳನ್ನು ಜಾಲಿಸಿ ರಾತ್ರೋರಾತ್ರಿ ಶ್ರೀಮಂತರಾದವರು. ಕೆಜಿಎಫ್ ಕತೆಗೂ ಅಂಥ ಒಬ್ಬ ಸಾಹಸಿಯನ್ನು ನಾಯಕನಾಗಿ ನಿಲ್ಲಿಸಲಾಗುತ್ತದೆ. ನ್ಯೂಜಿಲೆಂಡಿನ ಯುದ್ಧದಲ್ಲಿ ಹೋರಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಲವೆಲ್, ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋಗಿ ನೆಲದ ಗುಟ್ಟು ಕಂಡುಹಿಡಿದ ಎಂದು. ಆದರೆ ಲವೆಲ್ ಅಲ್ಲಿಗೆ ಹೋದದ್ದು ಓದಿಕೊಂಡು. 1802ರಲ್ಲೇ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿನ ಚಿನ್ನದ ಬಗ್ಗೆ ಬರೆದಿದ್ದ. ವಾರನ್‌ಗೆ ಮಣ್ಣು ತೊಳೆದು ಚಿನ್ನ ತೆಗೆದು ತೋರಿಸಿದವರು ಊರಿಗಾಂ, ಮಾರಿಕುಪ್ಪಂ ಸುತ್ತಲಿನ ಹಳ್ಳಿಯ ಬಡವರು. ಅವರ ಹಿರೀಕರು ಕೊರೆದ ಹಳೆಯ ಗುಂಡಿಗಳು ನೆಲದ ತುಂಬ ಇದ್ದವು. ಕಂಡುಹಿಡಿದವರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ.

1875ರಲ್ಲಿ ಮೈಸೂರು ಸರ್ಕಾರದಿಂದ ಲವೆಲ್‌ಗೆ ಗುತ್ತಿಗೆ ಸಿಕ್ಕಿತು. ಬಂಡವಾಳವಿರಲಿಲ್ಲ, ಕೈಬದಲಾಯಿತು. ಆಮೇಲೆ ನುಗ್ಗಾಟ ನಡೆದದ್ದು ನಿಜ. ಅದು ನಡೆದದ್ದು ಲಂಡನ್ನಿನ ಷೇರುಪೇಟೆಯಲ್ಲಿ. 1880ರ ಹೊತ್ತಿಗೆ ವಯನಾಡಿನ ಚಿನ್ನದ ಹೆಸರಿನಲ್ಲಿ ಅಲ್ಲಿ ಕಂಪನಿಗಳ ಮೇಲೆ ಕಂಪನಿಗಳು ಹುಟ್ಟಿ, ಹಣ ನುಂಗಿ ಮುಳುಗಿದವು. ಕೋಲಾರದಲ್ಲೂ ಮೈಸೂರು ಗಣಿ ಕಂಪನಿಯ ಹಣ ತಳ ಕಂಡಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಹಠ ಬಿಡದೆ ಅಗೆಸಿತು, ಅದರ ಕ್ಯಾಪ್ಟನ್ ಪ್ಲಮ್ಮರ್‌ಗೆ ಚಾಂಪಿಯನ್ ಅದಿರುಪಟ್ಟೆ ಸಿಕ್ಕಿತು. ಅಲ್ಲಿಂದ ಮುಂದೆ ಇಲ್ಲಿ ಯಾವ ಬಡವನೂ ಅದೃಷ್ಟ ಪರೀಕ್ಷಿಸಲಿಲ್ಲ. ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಗುಂಡಿ ತೋಡಿದವನು ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಕೋಲಾರದಲ್ಲಿ ತೋಡಿದವನ ಜೇಬನ್ನು ಗೇಟಿನಲ್ಲಿ ತಡಕುತ್ತಿದ್ದರು. 1897ರ ಮೈಸೂರು ಗಣಿ ಕಾಯ್ದೆ ಕಂಪನಿಯ ಚಿನ್ನವನ್ನು ಕಾಯುವುದಕ್ಕೆಂದೇ ಬಂದದ್ದು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಕೋಲಾರದ ಹಳ್ಳಿಗಳಿಂದ ಬಂದ ಆಳುಗಳಲ್ಲಿ ಬಹುಪಾಲು ದಲಿತರು. ಜಮೀನ್ದಾರನ ಜೀತದಿಂದಲೂ ಬರಗಾಲದಿಂದಲೂ ತಪ್ಪಿಸಿಕೊಂಡು ಬಂದವರು ಸೇರಿದ್ದು ಬಿದಿರಿನ ತಟ್ಟಿ ಕಟ್ಟಿದ ಗುಡಿಸಲುಗಳಿಗೆ. ಇಪ್ಪತ್ತನೇ ಶತಮಾನದ ಆರಂಭಕ್ಕೆ ಅಲ್ಲಿ ಮೂವತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರು. ಇದನ್ನು ಸಾಹಸದ ಕತೆಯಾಗಿ ಹೇಳುವುದೆಂದರೆ ದಣಿಯ ಬಾಯಿಂದ ಹೇಳುವುದು.

‘ಪುಟ್ಟ ಇಂಗ್ಲೆಂಡ್’ ಎಂಬುದೂ ದಣಿಯ ಮಾತೇ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಊರಿಗೆಲ್ಲ ವಿದ್ಯುತ್ತು ಎಂದು ಈಗಲೂ ಕಣ್ಣರಳಿಸಿ ಬರೆಯುತ್ತಾರೆ. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿ ಹಾದು ಕೋಲಾರಕ್ಕೆ ಬಂತು, ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಂಡ ದೊಡ್ಡ ಕನಸು ಅದು, ನಾಡಿನ ಹೆಮ್ಮೆ ಎನ್ನಲು ನನಗೆ ಅಡ್ಡಿಯಿಲ್ಲ. ಆದರೆ ಆ ವಿದ್ಯುತ್ತು ಬಂದದ್ದು ಅದಿರು ಅರೆಯಲು, ಆಳವಾಗಿ ಅಗೆಯಲು. ಆ ಆಳಕ್ಕೆ ಇಳಿದವರು ಬಂಗಲೆಯವರಲ್ಲ. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರ್ ದಾಟಿ ಹೋಯಿತು. ಜಗತ್ತಿನಲ್ಲೇ ಅತಿ ಆಳದ ಗಣಿಗಳಲ್ಲಿ ಒಂದು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ತಂಪು ಗಾಳಿ ತಳ್ಳದಿದ್ದರೆ ಮನುಷ್ಯ ಅಲ್ಲಿ ನಿಲ್ಲಲಾರ. ಮೇಲಿನ ಭಾರಕ್ಕೆ ಬಿಗಿದು ನಿಂತ ಬಂಡೆ ಅಗೆತದಿಂದ ಸಡಿಲಗೊಂಡಾಗ ಒಮ್ಮೆಗೇ ಸಿಡಿಯುತ್ತದೆ. ಆ ಸಿಡಿತಕ್ಕೆ ಊರಿನ ಮನೆಗಳು ಭೂಕಂಪವಾದಂತೆ ನಡುಗುತ್ತಿದ್ದವು, ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರು.

ಸಿಡಿತಕ್ಕೆ ಸಿಕ್ಕದವರನ್ನು ಧೂಳು ಹಿಡಿಯಿತು. ಕೋಲಾರದ ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಣ್ಣ ಸಿಲಿಕಾ ಪುಡಿ ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ, ಆ ಗಾಯ ಗಟ್ಟಿಯಾಗಿ ಉಸಿರಾಟ ನಿಲ್ಲುತ್ತ ಬರುತ್ತದೆ. ಮದ್ದಿಲ್ಲ. 1940ರಿಂದ 46ರವರೆಗೆ ಕೆಜಿಎಫ್‌ನಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರ ತಪಾಸಣೆ ನಡೆದಾಗ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಹತ್ತು ಜನರಲ್ಲಿ ನಾಲ್ವರು! ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಸುಮಾರು 800 ಟನ್ ಚಿನ್ನದ ಲೆಕ್ಕ ಎಲ್ಲ ಬರಹಗಳಲ್ಲಿ ಸಿಗುತ್ತದೆ, ಈ ಲೆಕ್ಕ ಸಿಗುವುದಿಲ್ಲ. ಬಂಗಲೆಯ ಮುಂದೆ ನಿಂತು ಚೆಂದದ ಹಳೆ ಕಾಲವನ್ನು ನೆನೆಯುವವರು ಕಾರ್ಮಿಕರ ಲೈನುಗಳ ಕೆಮ್ಮನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು. ಎರಡೂ ಒಂದೇ ಖಾತೆಯ ಜಮಾ ಖರ್ಚು.

ಇದನ್ನು ಕೇವಲ ಸಂಕಟದ ಊರಾಗಿ ಚಿತ್ರಿಸುವುದೂ ಅನ್ಯಾಯವೇ. ಕೆಜಿಎಫ್ ಯೋಚಿಸಿದ ಊರು, ಎದೆಯೊಡ್ಡಿ ನಿಂತ ಊರು. ತಮಿಳು ದಲಿತ ಚಿಂತಕ ಪಂಡಿತ ಅಯೋತ್ತಿದಾಸರ ಶಾಕ್ಯ ಬೌದ್ಧ ಸಂಘಕ್ಕೆ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ 1956ಕ್ಕಿಂತ ಸುಮಾರು ಅರ್ಧ ಶತಮಾನ ಮೊದಲೇ ಇಲ್ಲಿನ ಗಣಿ ಕಾರ್ಮಿಕರು ಬುದ್ಧನ ಹೆಸರಿನಲ್ಲಿ ಸೇರಿ, ಜಾತಿಯನ್ನು ಧಿಕ್ಕರಿಸುವ ಮಾತಾಡುತ್ತಿದ್ದರು. ಅಯೋತ್ತಿದಾಸರ ‘ತಮಿಳನ್’ ಪತ್ರಿಕೆ ನಿಂತುಹೋಗಿದ್ದಾಗ 1926ರಲ್ಲಿ ಅದಕ್ಕೆ ಮರುಜೀವ ಕೊಟ್ಟವರು ಕೆಜಿಎಫ್‌ನ ಜಿ. ಅಪ್ಪಾದುರೈ. ದಿನಕ್ಕೊಂದು ಶಿಫ್ಟು ಪಾತಾಳಕ್ಕಿಳಿದು ಬಂದವರು ಪತ್ರಿಕೆ ಓದಿಸಿ ಕೇಳಿ ವಾದ ಮಾಡುತ್ತಿದ್ದ ಊರದು. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ಪಡೆದು ನೋಂದಣಿ ಮಾಡಹೊರಟಾಗ, ನಾವು ಕಳ್ಳರಲ್ಲ ಎಂದು ಗಣಿಗಳನ್ನೇ ನಿಲ್ಲಿಸಿದರು. 1946ರ ನವೆಂಬರ್‌ನಲ್ಲಿ ಪೊಲೀಸರ ದಾಳಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಕರ್ನಾಟಕದ ಕಾರ್ಮಿಕ ಚಳವಳಿಯ ಚರಿತ್ರೆ ಬರೆದವರು ಈ ಊರನ್ನು ಬಿಟ್ಟು ಬರೆಯಲಾಗಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಅವರ ಅಧ್ಯಯನದ ಅರ್ಧಭಾಗ ನಿಂತಿರುವುದೇ ಇಲ್ಲಿನ ಗಣಿಯಾಳುಗಳ ಮೇಲೆ. ವಾರಾಂತ್ಯದ ಪಟ್ಟಿಯಲ್ಲಿ ಹುತಾತ್ಮರ ನೆನಪಿಗೂ ಆ ಬೌದ್ಧರ ನೆನಪಿಗೂ ಜಾಗವಿಲ್ಲ, ಕ್ಲಬ್ಬಿಗಿದೆ.

ವಿಜ್ಞಾನದ ವಿದ್ಯಾರ್ಥಿಗಳು ಕೂಡ ಸೈನೈಡ್ ದಿಬ್ಬ ಹತ್ತಿ ಇಳಿದು ಬರುತ್ತಾರಲ್ಲ ಎಂಬುದು ನನಗೆ ಬೇರೆಯೇ ನೋವು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳು 1965ರಲ್ಲಿ ಮೊದಲ ಬಾರಿಗೆ ಸಿಕ್ಕಿಬಿದ್ದದ್ದು ಇದೇ ಚಾಂಪಿಯನ್ ರೀಫಿನ ಆಳದಲ್ಲಿ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕವು. ಮೇಲಿನ ಎರಡು ಕಿಲೋಮೀಟರಿಗೂ ಹೆಚ್ಚು ದಪ್ಪದ ಬಂಡೆ ಉಳಿದ ಕಣಗಳನ್ನು ತಡೆಯುತ್ತಿದ್ದುದರಿಂದ ಇದು ಸಾಧ್ಯವಾಯಿತು. ಕನ್ನಡ ನಾಡಿನವರೇ ಆದ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಐವತ್ತರ ದಶಕದ ಆರಂಭದಲ್ಲೇ ಈ ಗಣಿಯೊಳಗೆ ಉಪಕರಣ ಹೊತ್ತು ಇಳಿದಿದ್ದರು. ಆ ಉಪಕರಣಗಳನ್ನು ಇಳಿಸಲು ನೆರವಾದವರೂ ಅವೇ ಲೈನುಗಳ ಜನ.

ಈಗ ಆ ಆಳವೆಲ್ಲ ನೀರಿನಲ್ಲಿ ಮುಳುಗಿದೆ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ ಕೊನೆಗೆ ಬಾಗಿಲು ಹಾಕಿತು. ಪಂಪುಗಳು ನಿಂತವು. ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು, ಬಾಕಿ ಹಣಕ್ಕಾಗಿ, ಮನೆಗಳಿಗಾಗಿ, ಗಣಿಯನ್ನು ಮತ್ತೆ ನಡೆಸಲು ಕಾರ್ಮಿಕರು ಹೈಕೋರ್ಟು ಸುಪ್ರೀಂ ಕೋರ್ಟು ಅಲೆದರು.

ಮೇಲೆ ಉಳಿದಿರುವುದು ದಿಬ್ಬಗಳು. ಜನ ಫೋಟೊ ತೆಗೆಸಿಕೊಳ್ಳುವ ಈ ದಿಬ್ಬಗಳ ಬಗ್ಗೆ ಒಂದಿಷ್ಟು ವಿವರವಾಗಿ ಹೇಳಲೇಬೇಕು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸಿದ ಮೇಲೆ ಉಳಿದ ಪುಡಿಯನ್ನು ಒಂದು ಶತಮಾನ ಕಾಲ ಒಟ್ಟಿದ್ದಾರೆ. ಒಟ್ಟು 13 ದಿಬ್ಬಗಳು, ಸುಮಾರು 3.3 ಕೋಟಿ ಟನ್. ಹೆಸರಿನಲ್ಲಿರುವ ಸೈನೈಡ್ ಬಿಸಿಲಿಗೆ ಗಾಳಿಗೆ ಕಾಲಕ್ರಮೇಣ ಕ್ಷೀಣಿಸುತ್ತದೆ. ಕ್ಷೀಣಿಸದೆ ಉಳಿಯುವುದು ಸಿಲಿಕಾ. ಗಣಿಯೊಳಗೆ ಅಜ್ಜನ ಎದೆಗೆ ಹೋದ ಅದೇ ಪುಡಿ. ಆಷಾಢದ ಗಾಳಿ ಬೀಸಿದಾಗ ದಿಬ್ಬದ ಮೈಯಿಂದ ಬಿಳಿ ಧೂಳು ಎದ್ದು ಅನ್ನದ ತಟ್ಟೆಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ಶಾಲೆಯ ಬೆಂಚಿನ ಮೇಲೆ ಕೂರುತ್ತದೆ. ಗಣಿಗೆ ಎಂದೂ ಇಳಿಯದ ಮಕ್ಕಳು ಈಗ ಅಜ್ಜನ ಪಾಲಿನ ಧೂಳು ಕುಡಿಯುತ್ತಿದ್ದಾರೆ. ಆ ದಿಬ್ಬದ ತುದಿಯಲ್ಲಿ ಸಿನಿಮಾ ನಾಯಕನ ಭಂಗಿಯಲ್ಲಿ ನಿಲ್ಲುವ ಹುಡುಗರನ್ನು ನಾನು ಬೈಯಲಾರೆ, ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದ್ದು ಬರೆಯುವವರ ಕೆಲಸ. ಅಲ್ಲಿ ಸೂರ್ಯಾಸ್ತ ಸುಂದರವಾಗಿದೆ ಎಂದು ಬರೆದವರು, ಗಾಳಿ ಯಾವ ಕಡೆಗೆ ಬೀಸುತ್ತದೆ ಎಂದು ನೋಡಲಿಲ್ಲ.

ಇಷ್ಟು ಹೇಳಿದಾಗ ಎದುರಾಗುವ ವಾದ ಬಲವಾದದ್ದೇ. ಗಣಿಯಂತೂ ಹೋಯಿತು, ಪ್ರವಾಸೋದ್ಯಮವಾದರೂ ಬರಲಿ, ನಾಲ್ಕು ಹೋಟೆಲು ತೆರೆಯಲಿ, ಜನಕ್ಕೆ ಕೆಲಸ ಸಿಗಲಿ, ಹೊರದೇಶಗಳಲ್ಲಿ ಚಿನ್ನದ ಊರುಗಳು ಹಾಗೆಯೇ ಬದುಕುತ್ತಿಲ್ಲವೇ ಎನ್ನುತ್ತಾರೆ. ಬದುಕುತ್ತಿವೆ, ನಿಜ. ಆದರೆ ಆ ಉದಾಹರಣೆಗಳನ್ನು ಬಿಡಿಸಿ ನೋಡಬೇಕು. ಕ್ಯಾಲಿಫೋರ್ನಿಯಾದ ಬೋಡಿಯನ್ನು ಇದ್ದ ಹಾಗೆಯೇ ಕಾಪಾಡಲು 1962ರಲ್ಲಿ ಸರ್ಕಾರ ಮುಂದಾದಾಗ ಅಲ್ಲಿನ ಜನ ಊರು ಬಿಟ್ಟು ಹೋಗಿದ್ದರು, ಅದು ನಿಜವಾಗಿಯೂ ಖಾಲಿ ಊರು. ಬಲ್ಲಾರಟ್‌ನಲ್ಲಿ ಪ್ರವಾಸಿಗರು ನೋಡುವ ಸಾವರಿನ್ ಹಿಲ್, 1850ರ ದಶಕದ ಊರನ್ನು ಹೋಲುವಂತೆ ಹೊಸದಾಗಿ ಕಟ್ಟಿ 1970ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ; ನಿಜವಾದ ಊರಿನ ಜನ ತಮ್ಮ ಪಾಡಿಗೆ ಬೇರೆ ಉದ್ಯೋಗಗಳಲ್ಲಿ ಬದುಕುತ್ತಿದ್ದಾರೆ. ಯಾರ ಮನೆಯ ಬಡತನವನ್ನೂ ಅಲ್ಲಿ ಟಿಕೆಟ್ಟಿಗೆ ಇಟ್ಟಿಲ್ಲ. ಹೋಲಿಕೆಗೆ ನಿಲ್ಲಬಹುದಾದದ್ದು ವೇಲ್ಸ್‌ನ ಬ್ಲೈನಾವನ್. ಅಲ್ಲಿನ ಬಿಗ್ ಪಿಟ್ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿತು, 1983ರಲ್ಲಿ ನೋಡುಗರಿಗೆ ತೆರೆಯಿತು. ನೆಲದಡಿಗೆ ಕರೆದೊಯ್ದು ವಿವರಿಸುವವರು ಗಣಿಯಲ್ಲಿ ದುಡಿದವರೇ. ಕತೆ ಅವರದ್ದು, ಸಂಬಳವೂ ಅವರಿಗೆ. ಕೆಜಿಎಫ್‌ನಲ್ಲಿ ಅಂಥದ್ದನ್ನು ಕಟ್ಟಲು ಯಾರಾದರೂ ಹೊರಟರೆ ನಾನು ವಿರೋಧಿಸುವುದಿಲ್ಲ. ಈಗ ನಡೆಯುತ್ತಿರುವುದು ಅದಲ್ಲ. ಕಾರು ಬರುತ್ತದೆ, ಕಾರು ಹೋಗುತ್ತದೆ. ಊರಿಗೆ ಉಳಿಯುವುದು ನಾಲ್ಕು ಟೀ ಲೋಟದ ವ್ಯಾಪಾರ ಮತ್ತು ಸತ್ತ ಊರು ಎಂಬ ಹಣೆಪಟ್ಟಿ. ಆ ಹಣೆಪಟ್ಟಿ ಹೊತ್ತ ಊರಿಗೆ ಕಾರ್ಖಾನೆ ತರಲು ಯಾರು ಮುಂದೆ ಬರುತ್ತಾರೆ?

ಸತ್ತ ಊರು ಹೇಗಿರುವುದಿಲ್ಲ ಎಂಬುದಕ್ಕೆ 2021ರ ಕೋವಿಡ್ ಎರಡನೇ ಅಲೆ ಸಾಕ್ಷಿ. ವರ್ಷಗಟ್ಟಲೆ ಮುಚ್ಚಿ ಪಾಳುಬಿದ್ದಿದ್ದ ಗಣಿ ಕಂಪನಿಯ ಹಳೆಯ ಆಸ್ಪತ್ರೆಯನ್ನು ಸ್ಥಳೀಯ ಸ್ವಯಂಸೇವಕರು ಕಸ ಬಳಿದು, ಗೋಡೆ ತೊಳೆದು, ಹಾಸಿಗೆ ಸರಿಮಾಡಿ ಕೆಲವೇ ದಿನಗಳಲ್ಲಿ ಕೋವಿಡ್ ಕೇಂದ್ರವಾಗಿ ಸಜ್ಜುಗೊಳಿಸಿದರು. ಒಂದು ಕಾಲದಲ್ಲಿ ಇಡೀ ಸೀಮೆಗೆ ಹೆಸರಾಗಿದ್ದ ಆಸ್ಪತ್ರೆ ಅದು. ಜನ ಕೈಹಾಕಿದರೆ ದಿನಗಳಲ್ಲಿ ಎದ್ದು ನಿಂತದ್ದನ್ನು ಎರಡು ದಶಕ ಹಾಗೇ ಬಿಟ್ಟವರು ಯಾರು?

ಕನ್ನಡದಲ್ಲಿ ಬರೆಯುತ್ತಿರುವುದರಿಂದ ಇನ್ನೊಂದು ಮಾತನ್ನು ನುಂಗಿಕೊಳ್ಳಲಾರೆ. ಅದು ತಮಿಳರ ಊರು ಎಂಬ ತಾತ್ಸಾರ ನಮ್ಮಲ್ಲಿದೆ. ಸಭೆಗಳಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಬಜೆಟ್ಟಿನಲ್ಲಿ, ಪಠ್ಯಪುಸ್ತಕದಲ್ಲಿ, ಪತ್ರಿಕೆಯ ಪುಟದಲ್ಲಿ ಅದು ಕೆಲಸ ಮಾಡುತ್ತದೆ. ಚಿನ್ನ ಎಂದಾಗ ಕರ್ನಾಟಕದ ಹೆಮ್ಮೆ, ಚಿನ್ನ ತೆಗೆದವರು ಎಂದಾಗ ಹೊರಗಿನವರು! ಕೋಲಾರದ ಚಿನ್ನದ ರಾಯಧನ ದಶಕಗಟ್ಟಲೆ ಮೈಸೂರಿನ ಬೊಕ್ಕಸ ತುಂಬಿತು, ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮಾದರಿ ಸಂಸ್ಥಾನದ ಖರ್ಚುವೆಚ್ಚಕ್ಕೆ ಆಯಿತು. ನಾಲ್ಕೈದು ತಲೆಮಾರಿನಿಂದ ಇದೇ ಮಣ್ಣಿನಲ್ಲಿ ಹುಟ್ಟಿ, ಇದೇ ಮಣ್ಣಿನೊಳಗೆ ಇಳಿದು, ಇದರಲ್ಲೇ ಹೂತವರನ್ನು ಹೊರಗಿನವರೆನ್ನಲು ನಮಗೆ ಯಾವ ಬಾಯಿದೆ? ಅವರ ಮನೆಮಾತು ತಮಿಳಿರಲಿ, ತೆಲುಗಿರಲಿ. ಕರ್ನಾಟಕದ ಕಟ್ಟಡಕ್ಕೆ ಅವರಷ್ಟು ಕೆಳಗಿನಿಂದ ಕಲ್ಲು ಹೊತ್ತು ತಂದವರು ಮತ್ತೊಬ್ಬರಿಲ್ಲ.

ಹೊಸ ಅಧ್ಯಾಯವೊಂದು ತೆರೆಯುತ್ತಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸುಮಾರು 1,003 ಎಕರೆಯಲ್ಲಿ ಹರಡಿರುವ ಈ 13 ದಿಬ್ಬಗಳಿಂದ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅಂದರೆ ಕಸವೆಂದು ಒಟ್ಟಿದ್ದರಲ್ಲೂ ಹಣವಿದೆ ಎಂದು ಸರ್ಕಾರಗಳಿಗೆ ಗೊತ್ತು. ಸತ್ತ ಊರಿನ ದಿಬ್ಬ ಅಗೆದರೆ ಯಾರನ್ನೂ ಕೇಳಬೇಕಿಲ್ಲ, ಬದುಕಿರುವ ಊರಿನ ದಿಬ್ಬ ಅಗೆಯುವಾಗ ಕೇಳಲೇಬೇಕು. ಅಗೆಯುವಾಗ ಏಳುವ ಧೂಳನ್ನು ಹೇಗೆ ಅಡಗಿಸಲಾಗುತ್ತದೆ ಎಂದು ಮಾರಿಕುಪ್ಪಂ, ಚಾಂಪಿಯನ್ ರೀಫಿನ ಜನರ ಮುಂದೆ, ಅವರ ಭಾಷೆಯಲ್ಲಿ ಹೇಳಬೇಕು. ಗಣಿಯಿಂದ ಬಾಧಿತರಾದವರಿಗೆಂದೇ 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ದಿಬ್ಬದ ಚಿನ್ನದಿಂದ ಅದಕ್ಕೆ ಸೇರುವ ಮೊದಲ ರೂಪಾಯಿ ಲೈನುಗಳ ಪ್ರತಿ ಮನೆಯ ಎದೆ ತಪಾಸಣೆಗೆ ಹೋಗಬೇಕು, ಎರಡನೆಯದು ಆ ಆಸ್ಪತ್ರೆಯ ಬಾಗಿಲು ಮತ್ತೆ ಮುಚ್ಚದಂತೆ ನೋಡಿಕೊಳ್ಳಲು. ಲೈನುಗಳ ಮನೆಗಳಲ್ಲಿ ಬದುಕು ಸವೆಸಿದವರ ಕೈಗೆ ಹಕ್ಕುಪತ್ರ ಬರುವ ಮುನ್ನ ಒಂದು ಗುದ್ದಲಿಯೂ ದಿಬ್ಬಕ್ಕೆ ಬೀಳಬಾರದು. ಪ್ರವಾಸೋದ್ಯಮ ಇಲಾಖೆಯ ಕಡತ ಅದಾದ ಮೇಲೆ ತೆರೆಯಲಿ, ತೆರೆಯುವಾಗ ಮೇಜಿನ ಈಚೆ ಬದಿಯಲ್ಲಿ ಹಳೆಯ ಗಣಿ ಕಾರ್ಮಿಕರೂ ಅವರ ಮಕ್ಕಳೂ ಕೂತಿರಲಿ.